ನ್ಯಾಯದ ನಗಾರಿ

ಚೀನಾ ಚಕ್ರವರ್ತಿಯ ಅರಮನೆ ಬಾಗಿಲಲ್ಲಿ ಒಂದು ದೊಡ್ಡ ನಗಾರಿಯಿತ್ತು. ಬಸುರಿ ಇಲಿಯೊಂದು ಹೆರಲು ಜಾಗ ಹುಡುಕುತ್ತ ಬಂದು ಅದರ ತೂತಿನೊಳಗೆ ತಲೆ ಹಾಕಿತು.

"ಆಚೆ ನಡೆ!" ಎಂದು ನಗಾರಿ ಗದರಿತು. "ನಾನು ನ್ಯಾಯದ ನಗಾರಿ. ಅನ್ಯಾಯವಾದವರು ಯಾರು ಬೇಕಾದರೂ ಬಂದು ನನ್ನನ್ನು ಬಾರಿಸಬಹುದು. ಖುದ್ದು ಚಕ್ರವರ್ತಿಗಳೇ ಕಿವಿಗೊಡುತ್ತಾರೆ. ಆ ಸದ್ದಿಗೆ ನಿನ್ನ ಮರಿಗಳು ಎದೆಯೊಡೆದು ಸತ್ತಾವು."

ಇಲಿ ಹೆದರಿ ಹೊರಟಿತು. ಅಷ್ಟರಲ್ಲಿ, ತಪ್ಪು ಮಾಡದ ಮಗನನ್ನು ಸೆರೆಗೆ ಹಾಕಿದ್ದಾರೆಂದು ಅಳುತ್ತ ಮುದುಕಿಯೊಬ್ಬಳು ಬಂದು ಕೋಲು ಎತ್ತಿಕೊಂಡಳು.

"ಬಾರಿಸಜ್ಜಿ, ಧಾರಾಳವಾಗಿ ಬಾರಿಸು," ಎಂದ ಕಾವಲುಗಾರ. "ಅದಕ್ಕೆ ಮೊದಲು ನಿನಗೆ ಮೂವತ್ತು ಛಡಿಯೇಟು. ದೂರು ಸುಳ್ಳಲ್ಲ ಅಂತ ಖಾತ್ರಿಯಾಗಬೇಕಲ್ಲ."

ಮುದುಕಿ ಕೋಲನ್ನು ಇದ್ದಲ್ಲೇ ಇಟ್ಟು ಹೋದಳು.

ಒಳಗೆ ಚಕ್ರವರ್ತಿ ಕಿವಿಗೊಟ್ಟು ಕೂತಿದ್ದ. ಏನೂ ಕೇಳಿಸಲಿಲ್ಲ. "ನೋಡಿದಿರಾ, ನನ್ನ ಪ್ರಜೆಗಳಿಗೆ ಒಂದು ಕೊರತೆಯೂ ಇಲ್ಲ!" ಎಂದು ಹಿಗ್ಗಿ, ನಗಾರಿಗೆ ಚಿನ್ನದ ಬಣ್ಣ ಬಳಿಸಿದ.

ಬಣ್ಣ ಒಣಗುವ ಮೊದಲೇ ಇಲಿ ಬಾಯಿತುಂಬ ಹುಲ್ಲು ಕಚ್ಚಿಕೊಂಡು ವಾಪಸು ಬಂತು.

"ಮತ್ತೆ ಬಂದೆಯಾ? ಸದ್ದಿನ ಭಯವಿಲ್ಲವೆ ನಿನಗೆ?" ಎಂದಿತು ನಗಾರಿ.

ಇಲಿ ಹುಲ್ಲನ್ನು ಕೆಳಗಿಟ್ಟು ಹೇಳಿತು: "ಸ್ವಾಮಿ, ಇಡೀ ಸಾಮ್ರಾಜ್ಯದಲ್ಲಿ ಬಾಣಂತಿಗೆ ನಿಮ್ಮ ಹೊಟ್ಟೆಯಷ್ಟು ಸದ್ದಿಲ್ಲದ ಜಾಗ ಇನ್ನೊಂದಿಲ್ಲ."