ಮೆಣಸಿನಕಾಯಿ ವ್ಯಾಪಾರಿ ಕಂಡ ಡಾಲ್ಫಿನ್

"ಬೇರೆಯವರಿಗೆ ದಾರಿ ತೋರಿಸುತ್ತ ಕುಳಿತರೆ ನನ್ನ ದಾರಿ ತಪ್ಪುವುದಿಲ್ಲವೇ, ಅಜ್ಜಾರೇ?" ಎಂದು ರೇವಣಯ್ಯ ತನ್ನ ಗುರುಗಳನ್ನು ಕೇಳಿದ.

ಅವನಿಗೆ ಒಳಗೊಳಗೇ ಸಿಟ್ಟು ಬಂದಿತ್ತು. ಸಂಜೆ ಧ್ಯಾನಕ್ಕೆ ಕುಳಿತರೆ ಈಚೆಗೆ ಅವನ ಮನಸ್ಸು ತಾನಾಗಿಯೇ ನಿಲ್ಲತೊಡಗಿತ್ತು. ಅದೇ ಸಂಜೆಯ ಹೊತ್ತನ್ನು ಮಠಕ್ಕೆ ಹೊಸದಾಗಿ ಬಂದವರಿಗೆ ಕೊಡು, ಅವರಿಗೂ ಕೂರುವುದನ್ನು ಕಲಿಸು ಎಂದು ಗುರುಗಳು ಹೇಳಿದ್ದರು. ಹೊಸಬರೆಂದರೆ ಕೂತಲ್ಲೇ ತೂಕಡಿಸುವವರು, ಕೆಮ್ಮುವವರು, ಊಟಕ್ಕೆ ಇನ್ನೆಷ್ಟು ಹೊತ್ತು ಎಂದು ಕೇಳುವವರು. ಅವರ ನಡುವೆ ಕೂತರೆ ತನಗೆ ಸಿಕ್ಕದ್ದು ಕೈಬಿಟ್ಟು ಹೋಗುತ್ತದೆ ಎಂದು ಅವನಿಗೆ ಭಯ. ನನ್ನಿಂದ ಆಗುವುದಿಲ್ಲ ಎಂದು ಹೇಳಿಬಿಡಲು ಬಂದಿದ್ದ.

ಗುರುಗಳು ಶೇಂಗಾ ಸುಲಿಯುತ್ತಿದ್ದರು. "ಕೂತುಕೋ," ಎಂದರು. "ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಕತೆ ಹೇಳುತ್ತೇನೆ. ನಡುವೆ ಸೀನು ಬಂದರೆ ನನ್ನನ್ನು ಬೈಯಬೇಡ."

ಬಯಲುಸೀಮೆಯ ಒಂದು ಪೇಟೆಯಲ್ಲಿ ಆ ವ್ಯಾಪಾರಿ ಇದ್ದ. ಕೆಟ್ಟವನೇನಲ್ಲ. ತೂಕದಲ್ಲಿ ಮೋಸ ಮಾಡಿದವನಲ್ಲ, ಇಲ್ಲದವರು ಬಂದರೆ ಒಂದು ಹಿಡಿ ಹೆಚ್ಚೇ ಹಾಕುವವನು. ಆದರೆ ಅವನಿಗೆ ಒಂದು ಚಾಳಿ ಇತ್ತು. ಒಳ್ಳೆಯ ಮಾಲು ಬಂತೆಂದರೆ ಮೊದಲು ಅದನ್ನು ಒಳಕೋಣೆಗೆ ಸೇರಿಸಿ, ಬಾಗಿಲು ಹಾಕಿಕೊಂಡು, ತಾನೊಬ್ಬನೇ ಕೂತು ನೋಡಬೇಕು. ಕೆಂಪು ಎಷ್ಟು ಕೆಂಪು ಎಂದು ನೋಡಬೇಕು, ಮುರಿದು ಮೂಸಬೇಕು. ಮನಸ್ಸು ತುಂಬಿದ ಮೇಲೆ ಅಂಗಡಿಗೆ ತರಬೇಕು. ಅಷ್ಟರಲ್ಲಿ ಗಿರಾಕಿ ಕಾದು ಕಾದು ಎದ್ದು ಹೋಗಿರುತ್ತಿದ್ದ. ಹೋದರೆ ಹೋಗಲಿ ಎನ್ನುತ್ತಿದ್ದ ವ್ಯಾಪಾರಿ.

ಅವನ ಹೆಂಡತಿ ಇದಕ್ಕೆ ತದ್ವಿರುದ್ಧ. ಅವಳ ಬಾಯಲ್ಲಿ ಎಳ್ಳುಕಾಳೂ ನೆನೆಯುತ್ತಿರಲಿಲ್ಲ. ಸಿಹಿಯಾದ ಹಣ್ಣು ಕಚ್ಚಿದಳೆಂದರೆ ಮಿಕ್ಕ ಅರ್ಧ ಪಕ್ಕದವರ ಬಾಯಲ್ಲಿ ಇರಬೇಕು. ಬೇಡ ಎನ್ನಲು ಅವರು ಬಾಯಿ ತೆರೆದರೆ ಅದೇ ಸಂದು ಎಂದು ತುರುಕಿಬಿಡುತ್ತಿದ್ದಳು. ಇಂಥ ಇಬ್ಬರಿಗೆ ಗಂಟು ಹಾಕಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಅವಳಿಗೆ ಬಹಳ ವರ್ಷಗಳಿಂದ ಒಂದು ಆಸೆ. ತವರುಮನೆಯ ಕ್ಯಾಲೆಂಡರಿನಲ್ಲಿ ಒಂದು ಡಾಲ್ಫಿನ್ ಚಿತ್ರ ಇತ್ತು, ಕಡಲಿನಿಂದ ಮೇಲಕ್ಕೆ ಹಾರಿದ್ದು. ವರ್ಷ ಮುಗಿದರೂ ಆ ಹಾಳೆಯನ್ನು ಗೋಡೆಯಿಂದ ತೆಗೆಯಲು ಅವಳು ಬಿಟ್ಟಿರಲಿಲ್ಲ. ಮದುವೆಯಾಗಿ ಬಂದ ಮೇಲೂ ಅದೇ ಜಪ. ಅಷ್ಟು ದೊಡ್ಡ ಮೈ ಹೊತ್ತುಕೊಂಡು ಅದು ಹೇಗೆ ಹಾರುತ್ತದೆ, ಒಮ್ಮೆ ಕಣ್ಣಾರೆ ನೋಡಬೇಕು ಎನ್ನುತ್ತಿದ್ದಳು. ಈ ಸುಗ್ಗಿ ಮುಗಿಯಲಿ ಎನ್ನುತ್ತಿದ್ದ ಗಂಡ. ಮೆಣಸಿನಕಾಯಿ ಪೇಟೆಯಲ್ಲಿ ಸುಗ್ಗಿ ಮುಗಿದದ್ದನ್ನು ಯಾರಾದರೂ ಕಂಡಿದ್ದಾರೆಯೇ? ಒಂದು ಲೋಡು ಹೋಯಿತು ಎನ್ನುವಾಗ ಇನ್ನೊಂದು ಬಂದು ನಿಂತಿರುತ್ತದೆ.

ಅಂತೂ ಒಂದು ವರ್ಷ ಪೇಟೆಯ ಮಂದಿಯೆಲ್ಲ ಸೇರಿ ಒಂದು ದಿನದ ಪ್ರವಾಸ ಹೊರಟರು. ನಸುಕಿನಲ್ಲಿ ಬಸ್ಸು ಹತ್ತುವುದು, ಘಟ್ಟ ಇಳಿಯುವುದು, ಸೂರ್ಯ ಮುಳುಗುವ ಹೊತ್ತಿಗೆ ದೋಣಿಯಲ್ಲಿ ಹೋಗಿ ಕಡಲಿನ ಪ್ರಾಣಿಪಕ್ಷಿಗಳನ್ನು ನೋಡುವುದು, ಮತ್ತೆ ಬಸ್ಸು ಹತ್ತಿ ಮನೆ ಸೇರುವುದು. ವ್ಯಾಪಾರಿಗೆ ಈ ಸಲ ನೆಪ ಸಿಗಲಿಲ್ಲ. ಹೆಂಡತಿ ಇಡೀ ಬಸ್ಸಿಗೆ ಸಾಲುವಷ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಳು.

ಪ್ರಾಣಿಗಳನ್ನು ತೋರಿಸಿಕೊಂಡು ಬರುವವಳು ಕಡಲದಂಡೆಯ ಊರಿನ ಮೀನುಗಾರರ ಹೆಂಗಸು. ಎಲ್ಲರನ್ನೂ ದೋಣಿಯಲ್ಲಿ ಕೂರಿಸಿ ಮೊದಲು ಒಂದು ಕಟ್ಟಪ್ಪಣೆ ಮಾಡಿದಳು.

"ಏನು ಕಂಡರೂ ಕೂಗುವ ಹಾಗಿಲ್ಲ. ಅಗೋ ಅಂತ ಒಬ್ಬರು ಕೂಗಿದರೆ ನೀವೆಲ್ಲ ಒಂದೇ ಮಗ್ಗುಲಿಗೆ ಬೀಳ್ತೀರಿ, ದೋಣಿ ಮಗುಚ್ತದೆ. ಆಮೇಲೆ ನೀವು ಮೀನು ನೋಡುವುದಲ್ಲ, ಮೀನೇ ನಿಮ್ಮನ್ನು ನೋಡ್ತದೆ. ಮೊದಲು ಕಂಡವರು ಪಕ್ಕದವರ ಕೈ ಅದುಮಿ, ಅವರ ಮುಖ ಹಿಡಿದು ಆ ಕಡೆ ತಿರುಗಿಸಿ. ಅವರು ಅವರ ಪಕ್ಕದವರದ್ದು. ಕಣ್ಣು ಮುಚ್ಚಿ ತೆರೆಯುವುದರ ಒಳಗೆ ದೋಣಿಗೆಲ್ಲ ಸುದ್ದಿ ಮುಟ್ತದೆ."

ದೋಣಿ ಹೊರಟಿತು. ಹೊಳೆ ಕಡಲನ್ನು ಸೇರುವ ಜಾಗ ದಾಟುವ ಮೊದಲೇ ಹೆಂಡತಿ ವ್ಯಾಪಾರಿಯ ಕೈ ಅದುಮಿ, ಗಲ್ಲ ಹಿಡಿದು ತಿರುಗಿಸಿದಳು. ಕೆಸರಿನ ದಂಡೆಯ ಮೇಲೆ ನೀರುನಾಯಿಗಳು ಒಂದರ ಮೇಲೊಂದು ಬಿದ್ದು ಆಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಮತ್ತೆ ಅದುಮಿದಳು. ಕಡಲಹದ್ದೊಂದು ತನ್ನಷ್ಟೇ ಉದ್ದದ ಮೀನನ್ನು ಎತ್ತಿಕೊಂಡು ಒದ್ದಾಡುತ್ತ ಹಾರುತ್ತಿತ್ತು. ವ್ಯಾಪಾರಿ ಒಂದನ್ನೂ ತಾನಾಗಿ ಕಾಣಲಿಲ್ಲ. ಅವನು ಕಂಡದ್ದೆಲ್ಲ ಅವಳು ಗಲ್ಲ ತಿರುಗಿಸಿದ ಕಡೆಗೇ. ದೋಣಿಯ ತುಂಬ ಕೈಗಳು ಅದುಮುತ್ತಿದ್ದವು, ಮುಖಗಳು ತಿರುಗುತ್ತಿದ್ದವು, ನಗು ಬಂದವರು ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ಡಾಲ್ಫಿನ್ ಮಾತ್ರ ಬರಲಿಲ್ಲ.

ಸೂರ್ಯ ಮುಳುಗತೊಡಗಿದ. ಎಲ್ಲರೂ ಪಡುವಣಕ್ಕೆ ಮುಖ ಮಾಡಿ ಕೂತರು. ಬೆಳಕು ಕಣ್ಣಿಗೆ ಹೊಡೆಯಿತೆಂದು ವ್ಯಾಪಾರಿ ಒಬ್ಬನೇ ಹಿಂದಕ್ಕೆ, ದಡದ ಕಡೆಗೆ ತಿರುಗಿದ. ತಿರುಗಿದವನು ಹಾಗೆಯೇ ಉಳಿದ. ನೀರಿನಿಂದ ಒಂದು ನುಣುಪಾದ ಬೆನ್ನು ಮೇಲೆ ಬಂತು. ಅದರ ಪಕ್ಕದಲ್ಲೇ ಇನ್ನೊಂದು ಸಣ್ಣದು. ತಾಯಿ ಮತ್ತು ಮರಿ. ಫುಸ್ ಎಂದು ಉಸಿರು ಬಿಟ್ಟು ಎರಡೂ ಮುಳುಗಿದವು.

ಹೆಂಡತಿಯ ಕೈ ಅವನ ಕೈ ಪಕ್ಕದಲ್ಲೇ ಇತ್ತು, ಅದುಮಿದರೆ ಸಾಕಿತ್ತು. ಆದರೆ ಅದುಮಬೇಕು, ಅವಳ ಕಡೆ ತಿರುಗಬೇಕು, ಗಲ್ಲ ಹಿಡಿಯಬೇಕು. ಅಷ್ಟರಲ್ಲಿ ಅದು ಮತ್ತೆ ಬಂದು ಹೋದರೆ? ಇನ್ನೊಂದು ಸಲ ನಾನು ಸರಿಯಾಗಿ ನೋಡಿಬಿಡುತ್ತೇನೆ, ಆಮೇಲೆ ತೋರಿಸುತ್ತೇನೆ ಎಂದುಕೊಂಡ. ಅದು ಇನ್ನೊಂದು ಸಲ ಬಂತು. ಇನ್ನೊಂದೇ ಒಂದು ಸಲ ಎಂದುಕೊಂಡ. ಅದೂ ಬಂತು. ಒಳಕೋಣೆಯ ಬಾಗಿಲು ಹಾಕಿಯೇ ಇತ್ತು ನೋಡು. ಆಮೇಲೆ ಬರಲಿಲ್ಲ. ನೀರು ಬರೀ ನೀರಾಗಿ ಉಳಿಯಿತು.

"ಆ ಕಡೆ ಏನರೆ ಕಂಡಿತೇನ್ರಿ?" ಎಂದು ಹೆಂಡತಿ ಪಿಸುಗುಟ್ಟಿದಳು.

"ಏನಿಲ್ಲ, ಬಿಸಿಲು ಕಣ್ಣಿಗೆ ಹೊಡೀತು," ಎಂದ ವ್ಯಾಪಾರಿ.

ಬಸ್ಸು ಘಟ್ಟ ಹತ್ತುವಾಗ ಹಿಂದಿನ ಸೀಟಿನವರು ಹಾಡು ಹೇಳುತ್ತಿದ್ದರು. ಹೆಂಡತಿ ರೊಟ್ಟಿ ಮುರಿದು ಚಟ್ನಿ ಹಚ್ಚಿ ಗಂಡನಿಗೆ ಕೊಟ್ಟಳು. "ಇರಲಿ ಬಿಡ್ರಿ," ಎಂದಳು. "ಎಲ್ಲರಿಗೂ ಕಂಡು ನನಗೊಬ್ಬಳಿಗೆ ತಪ್ಪಿದ್ದರೆ ಅತ್ತುಬಿಡುತ್ತಿದ್ದೆ. ಯಾರಿಗೂ ಕಾಣಲಿಲ್ಲವಲ್ಲ, ಇನ್ನೊಮ್ಮೆ ಬಂದರಾಯಿತು."

ವ್ಯಾಪಾರಿ ರೊಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು ಕೂತ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹಾಗಾಯಿತು. ಹೇಳೋಣವೆಂದರೆ ಯಾಕೆ ಕೈ ಅದುಮಲಿಲ್ಲ ಎಂದು ಕೇಳುತ್ತಾಳೆ. ಬಿಡೋಣವೆಂದರೆ ಹುಟ್ಟಿದಾಗಿನಿಂದ ಅಂಥದ್ದೊಂದು ಚೆಲುವನ್ನು ಅವನು ಕಂಡಿರಲಿಲ್ಲ, ಅದು ಒಳಗೆ ಸುಮ್ಮನೆ ಕೂರುವುದಿಲ್ಲ. ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ಘಟ್ಟದ ಒಂದು ತಿರುವಿನಲ್ಲಿ ಬಾಯಿ ಬಿಟ್ಟೇಬಿಟ್ಟ. ನಾನು ನೋಡಿದೆ ಎಂದ.

ಹೆಂಡತಿ ಅವನ ಮುಖವನ್ನೇ ನೋಡಿದಳು. ಬೈಯುವುದು ಆಮೇಲೆ, ಮೊದಲು ಡಾಲ್ಫಿನ್ ಬೇಕಿತ್ತು ಅವಳಿಗೆ. ಮರಿ ಇತ್ತೇ ಎಂದು ಕೇಳಿದಳು. ಇತ್ತು ಎಂದ. ಮರಿ ತಾಯಿಯ ಯಾವ ಮಗ್ಗುಲಿಗಿತ್ತು ಎಂದಳು. ವ್ಯಾಪಾರಿ ಯೋಚಿಸಿದ, ಗೊತ್ತಾಗಲಿಲ್ಲ. ಮೈ ಕಪ್ಪೋ ಬೂದಿಯೋ ಎಂದಳು. ಅದೂ ಗೊತ್ತಾಗಲಿಲ್ಲ. ಬಾಲ ಮೇಲೆ ಬಂತೋ, ಮರಿ ತಾಯಿಯ ಜೊತೆಗೇ ಮುಳುಗುತ್ತಿತ್ತೋ ಹಿಂದೆ ಉಳಿಯುತ್ತಿತ್ತೋ? ಇಷ್ಟು ಹತ್ತಿರದಿಂದ ನೋಡಿದವನಿಗೆ ಏನೂ ಹೇಳಲು ಬರುತ್ತಿಲ್ಲವಲ್ಲ ಎಂದು ಅವನಿಗೇ ಗಾಬರಿಯಾಯಿತು. ಆಮೇಲೆ ಹೊಳೆಯಿತು. ಅವನ ಒಂದು ಕಣ್ಣು ಡಾಲ್ಫಿನ್ ಮೇಲಿದ್ದರೆ ಇನ್ನೊಂದು ಕಣ್ಣು ಹೆಂಡತಿಯ ಮೇಲಿತ್ತು, ತಾನು ನೋಡಿ ಮುಗಿಸುವ ಮೊದಲೇ ಎಲ್ಲಿ ತಿರುಗಿಬಿಡುತ್ತಾಳೋ ಎಂದು. ಕಾವಲು ಕಾಯುವುದರಲ್ಲೇ ನೋಡುವ ಹೊತ್ತು ಕಳೆದುಹೋಗಿತ್ತು.

"ಹಾಗಾದರೆ ನನಗೂ ಇಲ್ಲ, ನಿಮಗೂ ಇಲ್ಲ," ಎಂದಳು ಹೆಂಡತಿ. ರೊಟ್ಟಿಯ ಗಂಟನ್ನು ಅವನ ತೊಡೆಯ ಮೇಲೆ ಇಟ್ಟು, ಎದ್ದು ಹೋಗಿ ಹಿಂದಿನ ಸೀಟಿನ ಹೆಂಗಸರ ಜೊತೆ ಕೂತು, ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹಾಡು ಹೇಳಿದಳು. ಮನೆ ಮುಟ್ಟಿದ ಮೇಲೂ ಬಹಳ ದಿನ ಸಾರಿಗೆ ಖಾರ ಹಾಕಲಿಲ್ಲ. ಮೆಣಸಿನಕಾಯಿ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ? ಅವನು ಸಪ್ಪೆ ಸಾರು ಉಂಡು, ಕೈ ತೊಳೆದು, ಸುಮ್ಮನೆ ಅಂಗಡಿಗೆ ಹೋಗುತ್ತಿದ್ದ.

ಮರುವರ್ಷ ಪ್ರವಾಸದ ಮಾತು ಯಾರೂ ಎತ್ತುವ ಮೊದಲೇ ಅವನು ಎತ್ತಿದ. ಸುಗ್ಗಿಯ ನಟ್ಟನಡುವೆ ಅಂಗಡಿಗೆ ಬೀಗ ಹಾಕಿದ. ಪೇಟೆಯವರೆಲ್ಲ ಮೈಯಲ್ಲಿ ಹುಷಾರಿದೆಯೇನಪ್ಪ ಎಂದು ವಿಚಾರಿಸಿದರು. ಹೆಂಡತಿ ಮಾತ್ರ ಅಷ್ಟು ಸುಲಭಕ್ಕೆ ನಂಬುವವಳಲ್ಲ. ದೋಣಿಯಲ್ಲಿ ನಾನು ಬೇರೆಯವರ ಪಕ್ಕ ಕೂರುತ್ತೇನೆ ಎಂದು ಹಟ ಹಿಡಿದಳು. ವ್ಯಾಪಾರಿ ಎಲ್ಲರೆದುರಿಗೆ ಕೈ ಮುಗಿದ. ದೋಣಿಯಲ್ಲಿದ್ದವರು ನಕ್ಕರು, ತೋರಿಸುವ ಹೆಂಗಸೂ ನಕ್ಕಳು. ಹೋಗಲಿ ಪಾಪ ಎಂದು ಹೆಂಡತಿ ಅವನ ಪಕ್ಕ ಕೂತಳು.

ಆ ಸಂಜೆ ನೀರುನಾಯಿ ಬರಲಿಲ್ಲ, ಹದ್ದೂ ಬರಲಿಲ್ಲ. ಸೂರ್ಯ ನೀರಿಗೆ ತಾಗಿದ. ವ್ಯಾಪಾರಿಗೆ ಅಳು ಬರುವುದೊಂದು ಬಾಕಿ. ಈ ಸಲವೂ ಬರಿಗೈಯಲ್ಲಿ ಹೋದರೆ ಇವಳು ಇನ್ನು ಕೇಳುವುದನ್ನೇ ಬಿಡುತ್ತಾಳೆ ಎಂಬ ಭಯ ಅವನಿಗೆ. ದೋಣಿಯನ್ನು ತಿರುಗಿಸೋಣವೇ ಎಂದು ಮಾತಾಡುವ ಹೊತ್ತಿಗೆ ದೂರದಲ್ಲಿ ನೀರು ಸ್ವಲ್ಪ ಉಬ್ಬಿದಂತಾಗಿ, ಒಂದು ಈಜುರೆಕ್ಕೆಯ ತುದಿ ಕಂಡಿತು. ಬೊಗಸೆಯಷ್ಟೂ ಇರಲಿಲ್ಲ. ವ್ಯಾಪಾರಿ ಹೆಂಡತಿಯ ಕೈ ಅದುಮಿದ. ಅದುಮಿದ ರಭಸಕ್ಕೆ ಬಳೆಯೊಂದು ಚಟ್ ಎಂದಿತು. ಪೂರ್ತಿ ಅವಳ ಕಡೆ ತಿರುಗಿ, ಎರಡೂ ಕೈಯಲ್ಲಿ ಅವಳ ಮುಖ ಹಿಡಿದು, ಆ ರೆಕ್ಕೆಯ ಕಡೆಗೆ ತಿರುಗಿಸಿದ.

ಅದೇ ಗಳಿಗೆಗೆ ಡಾಲ್ಫಿನ್ ಹಾರಿತು. ಕ್ಯಾಲೆಂಡರಿನಲ್ಲಿ ಇದ್ದ ಹಾಗೆಯೇ, ಇಡೀ ಮೈಯನ್ನು ನೀರಿನಿಂದ ಹೊರಗೆ ತಂದು ಹಾರಿತಂತೆ. ಹೆಂಡತಿಯ ಬಾಯಿ ತೆರೆದುಕೊಂಡಿತು, ಕೂಗಬಾರದು ಎಂಬುದು ನೆನಪಾಗಿ ಅರ್ಧಕ್ಕೇ ನಿಂತಿತು. ಹುಬ್ಬು ಹಣೆಯ ತನಕ ಏರಿತು. ಕಣ್ಣಿನಲ್ಲಿ ನೀರು ಬಂತು, ನಗುವೂ ಬಂತು, ಯಾವುದು ಮೊದಲು ಬಂತೋ ಹೇಳಲಾಗದು. ಆ ಸ್ಥಿತಿಯಲ್ಲೂ ಅವಳ ಇನ್ನೊಂದು ಕೈ ತನ್ನ ಆಚೆಯವರ ಕೈಯನ್ನು ಅದುಮಿತು. ಸುದ್ದಿ ದೋಣಿಯ ಕೊನೆಯ ತನಕ ಹೋಯಿತು. ಡಾಲ್ಫಿನ್ ಮತ್ತೊಮ್ಮೆ ಹಾರಿತು, ದೋಣಿಯವರೆಲ್ಲ ಕಂಡರು. ವ್ಯಾಪಾರಿ ಹೆಂಡತಿಯ ಮುಖ ನೋಡುತ್ತಲೇ ಇದ್ದ. ಅವನು ತಿರುಗಿ ನೋಡುವಷ್ಟರಲ್ಲಿ ನೀರಿನ ಮೇಲೆ ಬಳೆ ಬಳೆಯಾಗಿ ಅಲೆ ಹರಡುತ್ತಿತ್ತು, ಅಷ್ಟೇ.

ಬಸ್ಸು ಘಟ್ಟ ಹತ್ತಿ ಮುಗಿಯುವವರೆಗೂ ಅವಳು ಹೇಳಿದ್ದೇ ಹೇಳಿದಳು. ಹೊಟ್ಟೆಯ ಬಣ್ಣ ಹೇಳಿದಳು, ಬಾಲದಿಂದ ನೀರು ಹೇಗೆ ಇಳಿಯಿತು ಎಂದು ಹೇಳಿದಳು, ಬೀಳುವಾಗ ಮಗ್ಗುಲಾಗಿ ಬಿತ್ತು ಎಂದು ಅಂಗೈ ಮಗುಚಿ ತೋರಿಸಿದಳು. ಆಮೇಲೆ, ಆಮೇಲೆ ಎಂದು ಅವನು ಕೇಳುತ್ತಿದ್ದ. ಮರುದಿನ ಸಾರು ಎಷ್ಟು ಖಾರ ಆಗಿತ್ತೆಂದರೆ ಅವನ ಮೂಗು ಕಣ್ಣು ಒಂದೇ ಸಮನೆ ಸುರಿಯಿತು. ಇನ್ನೊಂದು ಸೌಟು ಹಾಕು ಎಂದ.

ಇಷ್ಟು ಹೇಳಿ ಗುರುಗಳು ಮತ್ತೆ ಶೇಂಗಾ ಸುಲಿಯತೊಡಗಿದರು.

ರೇವಣಯ್ಯ ಮುಂದೇನೋ ಇದೆ ಎಂದು ಕಾದ. ಇಲ್ಲವೆಂದು ತಿಳಿದ ಮೇಲೆ ಅವನ ಮುಖದಲ್ಲಿ ಗೆದ್ದವನ ಕಳೆ ಬಂತು.

"ಎರಡನೆಯ ಸಲ ಅವನಿಗೆ ಡಾಲ್ಫಿನ್ ಹಾರಿದ್ದು ಕಾಣಲೇ ಇಲ್ಲವಲ್ಲ, ಅಜ್ಜಾರೇ. ನಾನು ಹೇಳುವುದೂ ಅದನ್ನೇ. ತೋರಿಸಲು ಹೋದವನಿಗೆ ತಪ್ಪಿಹೋಯಿತು."

"ತಪ್ಪಿಹೋಯಿತು, ನಿಜ," ಎಂದರು ಗುರುಗಳು. "ಆದರೆ ಡಾಲ್ಫಿನ್ ನೋಡಿದ್ದೀಯೇನಪ್ಪ ಎಂದು ಪೇಟೆಯಲ್ಲಿ ಯಾರೇ ಕೇಳಲಿ, ಇವತ್ತಿಗೂ ಅವನು ಕೂರಿಸಿಕೊಂಡು ಹೇಳುವುದು ಆ ಎರಡನೆಯ ಸಲದ್ದನ್ನೇ."

ರೇವಣಯ್ಯ ಒಂದು ಹಿಡಿ ಶೇಂಗಾ ಎತ್ತಿಕೊಂಡು ಸುಲಿಯುತ್ತ, ಹೊಸಬರು ಸಂಜೆ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳಿದ.