ಸೂಕ್ಷ್ಮದರ್ಶಕವೂ ಹೆಂಚಿನ ಭಟ್ಟಿಯೂ

ಹೊಳೆಯ ಈಚೆ ದಡದ ವಿಶ್ವವಿದ್ಯಾಲಯದಲ್ಲಿ ಒಂದು ಸೂಕ್ಷ್ಮದರ್ಶಕವಿತ್ತು. ಹೊಳೆಯ ಜೇಡಿಮಣ್ಣನ್ನು ಅದು ವರ್ಷಗಟ್ಟಲೆ ನೋಡಿತ್ತು. ತಪ್ಪಾದರೆ ಮಾನ ಹೋದೀತೆಂಬ ಅಂಜಿಕೆಯಿಂದ ಕಂಡದ್ದನ್ನು ಯಾರಿಗೂ ಹೇಳಿರಲಿಲ್ಲ.

ಒಂದು ಮುಂಜಾನೆ ಆಚೆ ದಡದ ಹೆಂಚಿನ ಭಟ್ಟಿಯ ದನಿ ಮಂಜಿನ ಮೇಲೆ ತೇಲಿಬಂತು.

“ಅಯ್ಯಾ, ನನ್ನ ಹೆಂಚುಗಳು ಬೆಂದು ಹೊರಡುವಾಗ ಗಟ್ಟಿಯಾಗಿಯೇ ಇರುತ್ತವೆ, ಎಂಟು ದಿನದಲ್ಲಿ ಎಲ್ಲವೂ ಸಿಡಿಯುತ್ತವೆ. ಹೀಗೇ ಆದರೆ ನನ್ನ ಬೆಂಕಿ ನಂದಿಸಿಬಿಡುತ್ತಾರೆ. ಕಾರಣ ಬಲ್ಲಿರಾ?”

“ಮಣ್ಣಿನಲ್ಲಿರುವ ಚಿಪ್ಪಿನ ಚೂರುಗಳು ಕಾರಣವಿರಬಹುದು; ಬೆಂದು ಸುಣ್ಣವಾಗಿ, ಆಮೇಲೆ ತೇವ ಹೀರಿ ಉಬ್ಬುತ್ತವೇನೋ. ಖಚಿತವಾಗಲು ಇನ್ನೂ ಹತ್ತು ವರ್ಷ ನೋಡಬೇಕು.”

“ಅಷ್ಟರಲ್ಲಿ ನಾನು ತಣ್ಣಗಾಗಿರುತ್ತೇನೆ. ಈಗಲೇ ಒಂದು ದಾರಿ ಹೇಳಿ.”

“ಹಾಗಾದರೆ ಮಣ್ಣನ್ನು ಜರಡಿ ಹಿಡಿಸಿ,” ಎಂದಿತು ಸೂಕ್ಷ್ಮದರ್ಶಕ, ಅಳುಕುತ್ತಲೇ.

ಎಂಟು ದಿನ ಅದು ಕನಸಿನಲ್ಲಿದ್ದಂತೆ ಕಾಯುತ್ತ ಕುಳಿತಿತ್ತು. ಒಂಬತ್ತನೆಯ ದಿನ ಸುದ್ದಿ ಬಂತು: ಅರ್ಧದಷ್ಟು ಹೆಂಚುಗಳು ಸಿಡಿದಿದ್ದವು.

“ನಾನು ಸೋತೆ,” ಎಂದಿತು ಸೂಕ್ಷ್ಮದರ್ಶಕ.

“ಹಿಂದೆ ಒಂದೂ ಉಳಿಯುತ್ತಿರಲಿಲ್ಲ,” ಎಂದಿತು ಭಟ್ಟಿ. “ಸಿಡಿದದ್ದನ್ನು ದೋಣಿಯಲ್ಲಿ ಕಳಿಸಿದ್ದೇನೆ, ನೋಡಿ.”

ಸೂಕ್ಷ್ಮದರ್ಶಕ ಬೆಂದ ಮಣ್ಣನ್ನು ನೋಡಿದ್ದು ಅದೇ ಮೊದಲು. ಕೆಂಪು ಬಯಲಿನ ತುಂಬ, ಜರಡಿಯಿಂದ ನುಸುಳಿದ ಚಿಪ್ಪಿನ ಬಿಳಿಯ ಚುಕ್ಕೆಗಳು ಮಿನುಗುತ್ತಿದ್ದವು. ಬಹಳ ಹೊತ್ತು ನೋಡಿ ಅದು ಹೇಳಿತು:

“ಜರಡಿಯ ಕಣ್ಣು ಇನ್ನೂ ಸಣ್ಣದಿರಲಿ. ಮತ್ತೆ ಸಿಡಿದರೆ, ಮತ್ತೆ ಕಳಿಸಿ.”