ಸೈಕಲ್ಲಿಗೊಂದು ಹುಣಸೆ ಬೀಜ

ಹೊಳೆ ದಂಡೆಯ ಆ ಆಶ್ರಮದ ಗೇಟು ಇರುವುದೇ ಸೇತುವೆಯ ಬಾಯಲ್ಲಿ. ಊರಿನ ಅರ್ಧ ಜನರ ಮನೆ ಆಚೆ ದಡ, ಕೆಲಸ ಈಚೆ ದಡ. ದಾಟದೆ ವಿಧಿಯಿಲ್ಲ.

ಒಂದು ದಿನ ನಗರಸಭೆಯ ಇಂಜಿನಿಯರಮ್ಮ ಬಂದು ಗುರುಗಳಿಗೆ ಕೈಮುಗಿದರು.

“ಸೇತುವೆಗೆ ಅಂಟಿದ ಹಾಗೆ ಸೈಕಲ್ಲಿನವರಿಗೇ ಒಂದು ದಾರಿ ಕೇಳ್ತಿದ್ದೀನಿ ಬುದ್ಧಿ. ಏಳು ದಿನ, ಬೆಳಗ್ಗೆ ಆರರಿಂದ ಸಂಜೆ ಆರರ ತನಕ, ಸೇತುವೆ ದಾಟುವ ಸೈಕಲ್ಲುಗಳನ್ನ ಯಾರಾದರೂ ಎಣಿಸಬೇಕು. ಒಂದು ದಿನ ಐನೂರು ಮುಟ್ಟಿದರೂ ಸಾಕು. ಮುಟ್ಟದಿದ್ದರೆ ಫೈಲು ಮುಚ್ಚಿಬಿಡ್ತಾರೆ.”

ಗುರುಗಳು ಶಿಷ್ಯ ಸಂಗಯ್ಯನನ್ನು ಗೇಟಿನ ಬಳಿ ಕೂರಿಸಿದರು. ಒಂದು ಸೈಕಲ್ಲಿಗೆ ಒಂದು ಹುಣಸೆ ಬೀಜ, ಮಡಕೆಯೊಳಕ್ಕೆ. ಎಂಥ ಸೊಗಸಾದ ಏರ್ಪಾಡು ನೋಡಿ, ದಿನವೆಲ್ಲ ಪೆನ್ನು ಹಿಡಿಯುವ ಗೋಜೇ ಇಲ್ಲ!

ಸಂಗಯ್ಯ ಬಲು ಕಟ್ಟುನಿಟ್ಟಿನ ಮನುಷ್ಯ. ಊಟಕ್ಕೂ ಏಳಲಿಲ್ಲ.

ಆರನೆಯ ದಿನ ಸೊಪ್ಪು ಮಾರುವ ದ್ಯಾವಮ್ಮ ಸೈಕಲ್ ತಳ್ಳಿಕೊಂಡು ಬಂದು ನಿಂತಳು.

“ಅಯ್ಯೋರೇ, ನನ್ನ ಬೀಜ ಹಾಕಿದ್ರಾ?”

“ನೀನು ತುಳಿದುಕೊಂಡು ಬರಲಿಲ್ಲವಲ್ಲಮ್ಮ. ನಡೆದು ಬಂದವರನ್ನು ಎಣಿಸೋದಿಲ್ಲ.”

“ಹೋದ ತಿಂಗಳು ತುಳೀತಾನೇ ಬಂದಿದ್ದೆ. ಲಾರಿ ಕನ್ನಡಿ ಹೆಗಲಿಗೆ ಬಡೀತು. ಸೊಪ್ಪೆಲ್ಲ ಹೊಳೆ ಪಾಲು. ನೀವೇನು, ನೆರಳಲ್ಲಿ ಕೂತೀರಿ.”

ಅವಳು ತಳ್ಳಿಕೊಂಡು ಹೋದಳು.

ಸಂಜೆ ಬೀಜ ಎಣಿಸಿದರೆ ನಾನೂರ ಹನ್ನೊಂದು. ಆರು ದಿನದಲ್ಲಿ ಅದೇ ಹೆಚ್ಚು. ಸಂಗಯ್ಯ ಮಡಕೆ ಎತ್ತಿಕೊಂಡು ಗುರುಗಳ ಮುಂದೆ ನಿಂತ.

“ಗುರುಗಳೇ, ನಾಳೆ ಕೊನೇ ದಿನ. ಕಡಿಮೆ ಬಿದ್ದಷ್ಟು ಬೀಜ ನಾನೇ ಹಾಕಿಬಿಡಲೇ? ಒಳ್ಳೇ ಕೆಲಸಕ್ಕಲ್ಲವೇ?”

“ಒಂದನ್ನೂ ಹಾಕಬೇಡ,” ಎಂದರು ಗುರುಗಳು. “ಅಡುಗೆಮನೆಯಲ್ಲಿ ಉಪ್ಪು ಮುಗಿದಿದೆಯಂತೆ. ನಮ್ಮ ಸೈಕಲ್ ತಗೊಂಡು ಆಚೆ ದಡದ ಅಂಗಡಿಗೆ ಹೋಗಿ ಬಾ.”

“ಈಗಲೇ?”

“ಸಾರಿಗೆ ಈಗಲೇ ಬೇಕಲ್ಲಪ್ಪ.”

ಸಂಗಯ್ಯ ಪಂಚೆ ಎತ್ತಿ ಕಟ್ಟಿ ಸೈಕಲ್ ಹತ್ತಿದ. ಕಚೇರಿ, ಕಾರ್ಖಾನೆ ಬಿಟ್ಟ ಗದ್ದಲ ಇನ್ನೂ ಇಳಿದಿರಲಿಲ್ಲ. ಬಸ್ಸು, ಲಾರಿ, ಆಟೊ, ಎಲ್ಲಕ್ಕೂ ಅದೊಂದೇ ಸೇತುವೆ.

ಅರ್ಧ ಗಂಟೆ ಕಳೆದು ವಾಪಸು ಬಂದ. ಮೈಯೆಲ್ಲ ಬೆವರು. ಒಂದು ಕೈಯಲ್ಲಿ ಉಪ್ಪಿನ ಪೊಟ್ಟಣ, ಇನ್ನೊಂದರಲ್ಲಿ ಸೈಕಲ್ಲಿನ ಹ್ಯಾಂಡಲ್ಲು. ಸೈಕಲ್ಲನ್ನು ತಳ್ಳಿಕೊಂಡೇ ಬಂದಿದ್ದ.

ಗುರುಗಳು ಗೇಟಿನ ಬಳಿ, ಅವನ ಜಾಗದಲ್ಲೇ ಕೂತಿದ್ದರು. ಮಡಿಲಲ್ಲಿ ಮಡಕೆ.

“ಚಕ್ರದ ಗಾಳಿ ಹೋಯಿತೇ?”

“ಇಲ್ಲ ಗುರುಗಳೇ. ಸೇತುವೆ ನಡುವೆ ಹಿಂದಿನಿಂದ ಬಸ್ಸಿನವನು ಹಾರನ್ ಹೊಡೆದ. ಎದೆ ಝಲ್ ಅಂತು. ಇಳಿದುಬಿಟ್ಟೆ. ಬರುವಾಗಲೂ ಅಲ್ಲೇ ಇಳಿದೆ.”

“ನೀನೊಬ್ಬನೇ ಇಳಿದೆಯಾ?”

ಸಂಗಯ್ಯ ತಿರುಗಿ ಸೇತುವೆಯ ಕಡೆ ನೋಡಿದ.

“ಇಲ್ಲ. ನನ್ನ ಹಿಂದೆ ಮುಂದೆ ಸಾಲಾಗಿ ಇಳಿದಿದ್ದರು. ಸೇತುವೆ ಕಂಬಿಯ ಪಕ್ಕಕ್ಕೆ ಒತ್ತಿಕೊಂಡು ಎಲ್ಲರೂ ಸೈಕಲ್ ತಳ್ಳುತ್ತಿದ್ದೆವು. ದಾಟಿದ ಮೇಲೆ ಕೆಲವರು ಮತ್ತೆ ಹತ್ತಿದರು.”

ಗುರುಗಳು ಅವನ ಕೈಯಿಂದ ಉಪ್ಪು ತೆಗೆದುಕೊಂಡು, ಮಡಕೆ ಕೊಟ್ಟರು. ಸಂಗಯ್ಯ ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ನೋಡಿದ.

“ನಾಳೆಯೂ ಇಲ್ಲೇ ಕೂರಲೇ ಗುರುಗಳೇ?”

“ಬೇಡ. ನೀನು ಎಲ್ಲಿ ಇಳಿದೆಯೋ, ಅಲ್ಲಿ ಹೋಗಿ ಮಡಕೆ ಹಿಡಿದು ನಿಂತುಕೊ.”